ರಟ್ಟಿನಲ್ಲಿ ಇಲ್ಲದ ಪಟ್ಟಿ

ಒರೆ ಹೊಲಿಯಬೇಕಾದರೆ ಚೂರಿ ನನ್ನ ಮುಂದೆ ಇರಬೇಕು. ಅಲಗಿಗೆ ಎಣ್ಣೆ ಸವರಿ, ಪ್ಲಾಸ್ಟಿಕ್ ಹಾಳೆ ಸುತ್ತಿ, ನೆನೆಸಿದ ತೊಗಲಿನ ನಡುವೆ ಇಟ್ಟು ಚಮಚದ ಬೆನ್ನಿನಿಂದ ಒತ್ತುತ್ತಾ ಹೋದರೆ ತೊಗಲು ಅದರ ಮೈ ಹಿಡಿಯುತ್ತದೆ. ಒಣಗಿದ ಮೇಲೆ ಆ ಒರೆ ಆ ಚೂರಿಗೆ ಮಾತ್ರ. ಇನ್ನೊಂದನ್ನು ತುರುಕಿದರೆ ಒಂದೋ ಒಳಗೆ ಹೋಗುವುದಿಲ್ಲ, ಇಲ್ಲವೆ ಜಾರಿ ಬೀಳುತ್ತದೆ.

ನಾವು ಅಕ್ಕ ತಮ್ಮ ಇಬ್ಬರೇ. ಅಪ್ಪ ಶಹಾಬಾದಿನಲ್ಲಿ ಚಪ್ಪಲಿ ಹೊಲಿಯುತ್ತಿದ್ದ. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟು ನಾನು ಅವನ ಪಕ್ಕ ಕುಳಿತೆ. ತಮ್ಮ ತೊಗಲು ಮುಟ್ಟಲಿಲ್ಲ. ವಾಡಿಯಲ್ಲಿ ಲಾರಿ ಗ್ಯಾರೇಜಿಗೆ ಸೇರಿ, ಲಾರಿಯ ಮುರಿದ ಉಕ್ಕಿನ ಕಮಾನ್ ಪಟ್ಟಿಗಳನ್ನು ಕಾಯಿಸಿ ಬಡಿದು ಚೂರಿ ಮಾಡುವುದನ್ನು ಕಲಿತ. ಆಮೇಲೆ ಅಲ್ಲೇ ಸಣ್ಣ ಕುಲುಮೆ ಹಾಕಿದ. ಅವನ ಚೂರಿ ಕೂದಲು ಕೊಯ್ಯುವಷ್ಟು ಹರಿತ. ಅಪ್ಪ ತೀರಿದ ಮೇಲೆ ತಮ್ಮ ಮಾಡಿದ ಪ್ರತಿ ಚೂರಿಯೂ ನನ್ನ ಮನೆಗೆ ಬಂದು, ಒರೆ ತೊಟ್ಟುಕೊಂಡೇ ಮಾರಾಟಕ್ಕೆ ಹೋಗುತ್ತಿತ್ತು. ಚಿತ್ತಾಪುರದ ಕಟುಕರು, ಚಿಂಚೋಳಿ ಕಡೆಯ ಕುರಿಗಾರರು, ಕುಂಚಾವರಂ ಕಾಡಿನಂಚಿನ ತಾಂಡಾದವರು ಅದನ್ನು ಸೊಂಟಕ್ಕೆ ಕಟ್ಟಿಕೊಂಡು ತಿರುಗುತ್ತಿದ್ದರು.

ಚೂರಿಗಳಲ್ಲಿ ನಾಲ್ಕಾರು ನಮೂನೆ. ಒಂದೊಂದಕ್ಕೂ ನಾನು ಒರೆಯ ಅಳತೆಗೆ ಸೀರೆ ಡಬ್ಬಿಯ ರಟ್ಟು ಕತ್ತರಿಸಿ, ತಂತಿಗೆ ಪೋಣಿಸಿ ಗೋಡೆಯ ಮೊಳೆಗೆ ಹಾಕಿದ್ದೆ. ತೊಗಲಿನ ಮೇಲೆ ರಟ್ಟಿಟ್ಟು ಗೆರೆ ಎಳೆದು ಕೊಯ್ಯುವುದು. ಕುರಿ ಕೊಯ್ಯುವ ಚೂರಿಯ ರಟ್ಟಿನಲ್ಲಿ ಒರೆಯ ಬಾಯಿ ಬರುವ ಕಡೆ ಕತ್ತರಿ ಜಾರಿ ಒಂದು ಕಚ್ಚು ಬಿದ್ದಿತ್ತು. ಹೊಸದು ಮಾಡಲು ಸೋಮಾರಿತನ. ತೊಗಲು ಕೊಯ್ಯುವಾಗ ಅಲ್ಲಿ ನಾನೇ ನೇರ ಮಾಡಿಕೊಳ್ಳುತ್ತಿದ್ದೆ.

ರಟ್ಟಿನಲ್ಲಿ ಇಲ್ಲದ್ದು ಇನ್ನೊಂದಿತ್ತು. ಒರೆ ಎಂದರೆ ಎರಡು ಪದರ ತೊಗಲು. ಅಲಗಿನ ಹರಿತ ಬದಿಯಲ್ಲಿ ಹೊಲಿಗೆ ಬರುತ್ತದೆ. ಬರೀ ಎರಡು ಪದರ ಸೇರಿಸಿ ಹೊಲಿದರೆ, ಚೂರಿ ಹಾಕಿ ತೆಗೆದಾಗಲೆಲ್ಲ ಅದರ ಹರಿತ ದಾರಕ್ಕೆ ತಾಗುತ್ತದೆ. ಒಂದು ದಿನ ದಾರ ಹರಿದು, ಒರೆ ಹಿಡಿದ ಕೈಯೊಳಗೇ ಅಲಗು ಹೊರಗೆ ಬರುತ್ತದೆ. ಅದಕ್ಕೇ ಎರಡು ಪದರಗಳ ನಡುವೆ ದಪ್ಪ ತೊಗಲಿನ ಸಣ್ಣ ಪಟ್ಟಿ ಇಡಬೇಕು. ಹರಿತ ಪಟ್ಟಿಗೆ ತಾಗುತ್ತದೆ, ದಾರ ಉಳಿಯುತ್ತದೆ. ಅಲಗು ಎಷ್ಟು ದಪ್ಪವೋ ಪಟ್ಟಿಯೂ ಅಷ್ಟು. ಅಪ್ಪನಂತೆ ನಾನೂ ಅದನ್ನು ಚೂರು ತೊಗಲಿನಲ್ಲಿ ಕಣ್ಣಳತೆಯಿಂದ ಕೊಯ್ಯುತ್ತಿದ್ದೆ. ಅದಕ್ಕೆ ರಟ್ಟು ಯಾಕೆ?

ಒಂದು ಬೇಸಿಗೆ ತಮ್ಮ ಬಂದು ಮೊಳೆಯ ಕಡೆ ನೋಡಿದ.

“ಅಕ್ಕಾ, ಆ ರಟ್ಟೆಲ್ಲಾ ಒಂದೆರಡು ದಿನ ಕೊಡು. ಹೊಸಾ ಹಿಡಿಕಿ ಕೂಡ್ಸಿ ನೋಡಾಕತ್ತೀನಿ.”

“ಒಯ್ಯಿ. ಕಳದ್ರ ಮಾತ್ರ ನಿನ್ನ ಕಿವಿ ಕೊಯ್ದು ಅದರಾಗೇ ಒರಿ ಹೊಲೀತೀನಿ.”

“ನನ್ನ ಕಿವಿ ಭಾಳ ಸಣ್ಣವು. ಪೆನ್ನಿನ ಒರಿ ಆಗ್ತದ ಅಷ್ಟೇ,” ಎಂದು ನಗುತ್ತಾ ತಂತಿ ಸಮೇತ ತೆಗೆದುಕೊಂಡು ಹೋದ.

ಎರಡು ದಿನಕ್ಕೇ ತಂದುಕೊಟ್ಟ. ಆದರೆ ಆಮೇಲೆ ಚೂರಿಗಳು ಬರುವುದು ಕಡಿಮೆಯಾಯಿತು. ಕೇಳಿದರೆ, “ಧಂದೆ ಮಂದ ಅದ ಅಕ್ಕಾ” ಎನ್ನುತ್ತಿದ್ದ. ಪಾಪ ಎಂದುಕೊಂಡು ಅವನಿಗೆ ಜೋಳದ ರೊಟ್ಟಿ ಕಟ್ಟಿ ಕಳಿಸುತ್ತಿದ್ದೆ.

ಮಳೆಗಾಲದ ಕೊನೆಗೆ ಚಿತ್ತಾಪುರದ ಕಟುಕರೊಬ್ಬರು ಮನೆಗೆ ಬಂದರು. ನಮ್ಮ ಹಳೆಯ ಗಿರಾಕಿ. ಬಾಗಿಲಲ್ಲೇ ನಿಂತು ಒರೆಯನ್ನು ತಲೆಕೆಳಗೆ ಮಾಡಿದರು. ಚೂರಿ ಟಣ್ಣೆಂದು ಕಲ್ಲಿನ ಮೇಲೆ ಬಿತ್ತು.

“ಏನ್ರಿ ಅಕ್ಕಾರ, ಈ ಸಲ ಸಿಟ್ಟಿಲೆ ಹೊಲ್ದೀರೇನು? ಇದು ಒರಿ ಅಲ್ರಿ, ಜೋಳಿಗಿ.”

“ಒಳಗ ಬರ್ರಿ, ಕುಂದ್ರಿ. ಎಲ್ಲಿ, ಕೊಡ್ರಿ ನೋಡ್ತೀನಿ.”

ಕೈಗೆ ತೆಗೆದುಕೊಂಡ ಕೂಡಲೇ ತಿಳಿಯಿತು. ಹೊಲಿಗೆ ಮಿಷನ್ನಿನದು, ತೊಗಲನ್ನು ಚೂರಿಯ ಮೈಗೆ ಒತ್ತಿ ಕೂರಿಸಿಯೂ ಇರಲಿಲ್ಲ. ಬಾಯಿಯ ಹತ್ತಿರ ನನ್ನ ಕಚ್ಚು ಹಾಗೇ ಇತ್ತು. ಯಾರೋ ನನ್ನ ತಪ್ಪನ್ನೂ ಬಿಡದೆ ತೊಗಲಿಗೆ ಇಳಿಸಿದ್ದರು. ನನ್ನ ಸೀರೆ ಉಟ್ಟು ಬೇರೆ ಯಾವಳೋ ನನ್ನ ಮುಂದೆಯೇ ನಡೆದುಹೋದ ಹಾಗೆ ಅನ್ನಿಸಿತು. ಎಲ್ಲಿ ತಗೊಂಡ್ರಿ ಎಂದು ಕೇಳಿದೆ.

“ಮತ್ತೆಲ್ಲಿ? ನಿಮ್ಮ ತಮ್ಮನ ಹತ್ರ. ಗೋಣಿಚೀಲ ತುಂಬ ಬಂದಾವ ನೋಡ್ರಿ, ಸೇಡಂದಾಗ ಬ್ಯಾಗ್ ಹೊಲಿಯಾವನ ಕಡಿಂದ. ನೀವೂ ಅಲ್ಲೇ ಕುಂತು ಹೊಲೀತೀರಿ ಅನ್ಕೊಂಡಿದ್ದೆ.”

ತಮ್ಮ ಒಂದು ಮಾತು ಹೇಳಿದ್ದರೆ ಸಾಕಿತ್ತು. ನಿನ್ನ ಕೈ ನಿಧಾನ, ನನಗೆ ಸಾಲುವುದಿಲ್ಲ ಅಂದಿದ್ದರೆ ಎರಡು ದಿನ ಮುಖ ಊದಿಸಿಕೊಂಡು ಸುಮ್ಮನಾಗುತ್ತಿದ್ದೆ. ಧಂದೆ ಮಂದ ಎಂದು ಸುಳ್ಳು ಹೇಳಿ ನನ್ನ ರೊಟ್ಟಿ ತಿಂದನಲ್ಲ, ಅದನ್ನು ಇವತ್ತಿಗೂ ಮರೆತಿಲ್ಲ.

ಒರೆಯ ಬಾಯಿ ಅಗಲಿಸಿ ನೋಡಿದೆ. ನಡುವೆ ಪಟ್ಟಿ ಇರಲಿಲ್ಲ. ಇರುವುದಾದರೂ ಹೇಗೆ? ರಟ್ಟಿನಲ್ಲೇ ಅದು ಇರಲಿಲ್ಲ. ಬ್ಯಾಗ್ ಹೊಲಿಯುವವನಿಗೆ ಯಾರು ಹೇಳಬೇಕಿತ್ತು? ತಮ್ಮ ಬೆಂಕಿಯ ಕೆಲಸದವನು, ಒರೆಯ ಒಳಗೆ ಏನಿರುತ್ತದೆ ಎಂದು ಎಂದೂ ಇಣುಕಿದವನಲ್ಲ. ಒಳಗೆ ಆಗಲೇ ದಾರದ ಎಳೆಗಳು ಕಡಿದು ನಿಂತಿದ್ದವು.

ಕಟುಕರನ್ನು ಕೂರಿಸಿ ಚಹಾ ಕೊಟ್ಟು, ಹೊಲಿಗೆ ಬಿಚ್ಚಿ, ಪಟ್ಟಿ ಇಟ್ಟು, ಅಲಗಿಗೆ ಬಿಗಿಯಾಗುವಂತೆ ಮೇಣದ ದಾರದಿಂದ ಹೊಲಿದು ಕೊಟ್ಟೆ. ಪಟ್ಟಿ ಯಾಕೆ ಎಂದು ಕೇಳಿದರು, ಹೇಳಿದೆ. ಹೋಗುವಾಗ, “ನನ್ನ ತಮ್ಮಗ ಇದು ಹೇಳಬ್ಯಾಡ್ರಿ. ನಾನೇ ಹೇಳ್ತೀನಿ” ಎಂದೆ.

ಹೇಳಲಿಲ್ಲ.

ನನ್ನ ತಪ್ಪು ಇದು. ಪರರ ಒರೆಗೆ ಪಟ್ಟಿ ಇಟ್ಟೆ, ತಮ್ಮನಿಗೆ ಬಾಯಿ ಬಿಡಲಿಲ್ಲ. ಗಿರಾಕಿಗಳು ಒರೆ ತಂದು ಅವನ ಮುಂದೆ ಎಸೆಯಲಿ, ಅವನು ತಲೆ ತಗ್ಗಿಸಿ ನನ್ನ ಬಾಗಿಲಿಗೆ ಬರಲಿ ಎಂದು ಕಾದೆ. ಯಾರದಾದರೂ ಕೈ ಕೊಯ್ಯುತ್ತದೆ ಎಂದು ನನಗೆ ಗೊತ್ತಿತ್ತು. ಆ ಕೈಗಳಿಗೆ ಮುಖ ಇರಲಿಲ್ಲ, ಅಷ್ಟೇ. ಆ ನಡುವೆ ಅವನು ಒಮ್ಮೆ ಮನೆಗೆ ಬಂದಿದ್ದ. ಅವನ ಸೊಂಟದಲ್ಲೂ, ಅಂಗಿಯ ಕೆಳಗೆ ಅರ್ಧ ಮುಚ್ಚಿ, ಅಂಥದೇ ಒಂದು ಒರೆ. ನೋಡಿಯೂ ಸಾರು ಬಡಿಸಿದೆ.

ದೀಪಾವಳಿಗೆ ಮುಂಚೆ ವಾಡಿಯಿಂದ ಸುದ್ದಿ ಬಂತು. ಯಾರಿಗೋ ತೋರಿಸಲೆಂದು ಅವನು ಎಡಗೈಯಲ್ಲಿ ಒರೆ ಹಿಡಿದು ಬಲಗೈಯಿಂದ ಚೂರಿ ಎಳೆದಿದ್ದ. ಹೊಲಿಗೆ ಬಾಯಿಬಿಟ್ಟು ಅಲಗು ಎಡಗೈ ಬೆರಳುಗಳ ಮೇಲೆ ಹಾದುಹೋಗಿತ್ತು. ಕಲಬುರಗಿಯ ಆಸ್ಪತ್ರೆಯಲ್ಲಿ ನರ ಸೇರಿಸಿ ಹೊಲಿದರು. ಮಂಚದ ಪಕ್ಕ ಕುಳಿತಿದ್ದಾಗ ಅವನೇ ಒರೆಯ ವಿಷಯ ತೆಗೆದ.

“ಅಕ್ಕಾ, ಸೇಡಂದಾಗ ಹೊಲಿಸಿದ್ದೆ. ನಿನಗ ಹೇಳಾಕ ಬಾಯಿ ಬರಲಿಲ್ಲ. ದಾರ ಭಾಳ ಕಚ್ಚಾ ಇತ್ತು ಕಾಣಸ್ತದ.”

“ಹೌದು, ದಾರ ಕಚ್ಚಾ ಇರ್ಬೇಕು,” ಎಂದೆ. ನಿಜ ಹೇಳಲು ಅದು ಎರಡನೆಯ ಅವಕಾಶ. ಅದನ್ನೂ ಕಳೆದೆ.

ಎರಡು ಬೆರಳು ಮಡಚಲು ಬರಲಿಲ್ಲ. ಕಾದ ಕಬ್ಬಿಣವನ್ನು ಇಕ್ಕಳದಲ್ಲಿ ಹಿಡಿಯುವುದು ಆ ಕೈಯೇ. ಸುತ್ತಿಗೆ ಏಟಿಗೆ ಇಕ್ಕಳ ಜಾರತೊಡಗಿತು. ದೊಡ್ಡ ಚೂರಿ ಮಾಡುವುದನ್ನು ಅವನು ಬಿಟ್ಟುಬಿಟ್ಟ.

ಅವನಿಗೆ ನಿಜ ತಿಳಿದದ್ದು ಆ ಕಟುಕರಿಂದಲೇ. ಅವರ ಮನಸ್ಸಿನಲ್ಲಿ ಏನೂ ಇರಲಿಲ್ಲ. ಕೈ ನೋಡಲು ಹೋಗಿ, “ಅಯ್ಯೋ, ನಿಮ್ಮಕ್ಕ ನನ್ನ ಒರಿಗಿ ಪಟ್ಟಿ ಹಾಕಿ ಕೊಟ್ಟಾರ. ನಿನಗ್ಯಾಕ ಹಾಕಿಲ್ಲೋ?” ಎಂದರಂತೆ. ಮರುದಿನ ಬೆಳಿಗ್ಗೆ ಅವನು ನನ್ನ ಬಾಗಿಲಲ್ಲಿದ್ದ. ಕುಂದ್ರು ಅಂದರೂ ಕೂರಲಿಲ್ಲ.

“ನಿನಗ ಗೊತ್ತಿತ್ತು.”

“ನೀ ನನ್ನ ರಟ್ಟು ಒಯ್ದಿದ್ದಿ.”

“ಹೌದು, ಒಯ್ದೆ. ಸುಳ್ಳೂ ಹೇಳ್ದೆ. ಬಂದು ಬೈಬೇಕಿತ್ತು, ಹೊಡೀಬೇಕಿತ್ತು. ನನ್ನ ಸೊಂಟದಾಗ ಅದನ್ನ ನೋಡಿ ಊಟಕ್ಕ ಹಾಕಿದೆಲ್ಲ ಅಕ್ಕಾ.”

ಅವನು ಮಾಡಿದ್ದು ಮೋಸವೇ, ಈಗಲೂ ಅಲ್ಲ ಎನ್ನುವುದಿಲ್ಲ. ಆದರೆ ಅವನ ಮೋಸದಿಂದ ನನಗೆ ಹೋದದ್ದು ಕೆಲಸ. ನನ್ನದರಿಂದ ಅವನ ಕೈ ಹೋಯಿತು.

ಮಾರಿದ ಒರೆಗಳನ್ನು ಅವನು ಊರೂರು ತಿರುಗಿ ವಾಪಸ್ ಕೇಳಿ ತಂದ. ಚೀಲವನ್ನು ನನ್ನ ಮುಂದೆ ಸುರಿದ. ಎಲ್ಲಕ್ಕೂ ಪಟ್ಟಿ ಇಟ್ಟು ಹೊಲಿದೆ. ಕುಂಚಾವರಂ ಕಡೆಯ ಕೆಲವು ಸಿಗಲೇ ಇಲ್ಲ. ಅವು ಯಾರ ಸೊಂಟದಲ್ಲಿವೆಯೋ ಎಂದು ಹೊಲಿಯುವಾಗ ನೆನಪಾಗುತ್ತದೆ.

ಈಗ ಅವನು ತರಕಾರಿ ಹೆಚ್ಚುವ ಸಣ್ಣ ಚೂರಿಗಳನ್ನಷ್ಟೇ ಮಾಡುತ್ತಾನೆ. ಮತ್ತೆ ನನ್ನ ಹತ್ತಿರವೇ ತರುತ್ತಾನೆ. ಮೊದಲ ಸಲ ಒರೆಗಳು ತಯಾರಾದಾಗ ಒಂದಕ್ಕೆ ಚೂರಿ ಹಾಕಿ ಅವನ ಕೈಗೆ ಕೊಟ್ಟೆ. ಇಷ್ಟು ವರ್ಷ ನಾನು ಕೊಟ್ಟದ್ದನ್ನು ಅವನು ನೋಡದೆ ಚೀಲಕ್ಕೆ ಹಾಕಿಕೊಳ್ಳುತ್ತಿದ್ದ. ಆ ದಿನ ಚೂರಿ ಹೊರಗೆ ತೆಗೆದಿಟ್ಟು, ಬಾಗಿಲ ಬೆಳಕಿಗೆ ಹೋಗಿ, ಒರೆಯ ಬಾಯಿಯನ್ನು ಹೆಬ್ಬೆರಳಿನಿಂದ ಅಗಲಿಸಿ ಒಳಗೆ ಇಣುಕಿದ.

“ಪಟ್ಟಿ ಅದ,” ಎಂದ.

ನಾನು ತೊಗಲು ಚುಚ್ಚುವ ಆರಿ, ದಾರ ಎತ್ತಿಡತೊಡಗಿದೆ. ಅವನು ಎರಡನೆಯ ಒರೆಯನ್ನು ಕೈಗೆತ್ತಿಕೊಂಡು ಅದರ ಬಾಯಿಯನ್ನೂ ಅಗಲಿಸಿದ.