ಇಪ್ಪತ್ತಾರನೆಯ ಡಬ್ಬಿ

ಬೆಳಗಿನ ಐದೂಮುಕ್ಕಾಲು. ಪ್ರಯೋಗಾಲಯದ ಹಿಂಬಾಗಿಲಲ್ಲಿ ಸೊಳ್ಳೆಯಕ್ಕನಿಗೆ ನಿಂತಲ್ಲಿ ನಿಲ್ಲಲಾಗುತ್ತಿಲ್ಲ. ಕೈಗವಸು ಹಾಕಿಕೊಳ್ಳುತ್ತಾರೆ, ಬಿಚ್ಚುತ್ತಾರೆ, ಗೇಟಿನ ತನಕ ಹೋಗಿ ಬರುತ್ತಾರೆ. ಊರಿನ ಇಪ್ಪತ್ತೇಳು ಬೀದಿಗಳ ಬಲೆಗಳಿಂದ ಸೊಳ್ಳೆ ಡಬ್ಬಿಗಳನ್ನು ತರುವ ಸ್ಕೂಟರಣ್ಣ ಇವತ್ತು ಹತ್ತು ನಿಮಿಷ ತಡ.

"ಪಂಕ್ಚರ್ ಆಯ್ತಕ್ಕ. ನಿಮ್ಮ ಸೊಳ್ಳೆಗಳೇನೂ ಹಸ್ಕೊಂಡು ಸತ್ತಿಲ್ಲ," ಎನ್ನುತ್ತಾ ಬರುತ್ತಾನೆ ಆತ. ವಯಸ್ಸಿನಲ್ಲಿ ಹಿರಿಯನಾದರೂ ಅವನಿಗೂ ಅವರು ಅಕ್ಕನೇ. ಡಬ್ಬಿಗಳ ಮೇಲೆ ಬೀದಿಯ ಹೆಸರಿಲ್ಲ, ಬರೀ ಸಂಖ್ಯೆ. ಅಕ್ಕ ಡಬ್ಬಿ ಬಿಟ್ಟು ಅವನ ಮುಖ ನೋಡುತ್ತಾರೆ.

"ನನ್ನ ಮುಖದಲ್ಲಿ ಏನೂ ಬರೆದಿಲ್ಲ, ಒಳಗೆ ನಡೀರಿ."

ಒಳಗೆ ಮಂಜಿನಷ್ಟು ತಣ್ಣಗಿರುವ ಲೋಹದ ತಟ್ಟೆ, ಅದರ ಮೇಲೊಂದು ಭೂತಗನ್ನಡಿ, ತುದಿ ಸವೆದ ಚಿಮಟ. ಮರಗಟ್ಟಿದ ಸೊಳ್ಳೆಗಳನ್ನು ಸುರುವಿ ಅಕ್ಕ ಆರಿಸತೊಡಗುತ್ತಾರೆ. ಕಾಲಿಗೆ ಬಿಳಿ ಪಟ್ಟೆಯಿರುವ ಜಾತಿಯೇ ಬೇಕು, ಅದರಲ್ಲೂ ಹೆಣ್ಣೇ ಆಗಬೇಕು. "ಗಂಡಿಗೆ ಮೀಸೆ ಜಾಸ್ತಿ, ಕೆಲಸ ಕಮ್ಮಿ. ಕಚ್ಚೋದು, ಕಾಯಿಲೆ ಹಂಚೋದು ಎಲ್ಲಾ ಹೆಣ್ಣೇ," ಎಂದು ನಗುತ್ತಾರೆ. ದಿನಕ್ಕೆ ಸಾವಿರದಿಂದ ಸಾವಿರದ ಇನ್ನೂರು ಸೊಳ್ಳೆ, ಹತ್ತೊಂಬತ್ತು ವರ್ಷ. ಅದಕ್ಕೂ ಮೊದಲು ಬಟ್ಟೆ ಕಾರ್ಖಾನೆಯಲ್ಲಿ ಅಂಗಿಗಳ ದಾರದ ತುದಿ ಹುಡುಕಿ ಕತ್ತರಿಸುತ್ತಿದ್ದರು. ಕಾರ್ಖಾನೆ ಮುಚ್ಚಿದಾಗ ಚಿಕ್ಕ ಮಗಳನ್ನು ಕಟ್ಟಿಕೊಂಡು ಇಲ್ಲಿಗೆ ಕಸ ಗುಡಿಸಲು ಬಂದವರು. ನೆಲಕ್ಕೆ ಬಿದ್ದ ಸೊಳ್ಳೆಯ ಜಾತಿಯನ್ನು ಬರಿಗಣ್ಣಲ್ಲೇ ಹೇಳಿದ ದಿನ ಪೊರಕೆ ಬಿಟ್ಟು ಚಿಮಟ ಹಿಡಿದರು.

ಗುರುವಾರ ಬಂತೆಂದರೆ ಅಕ್ಕನ ಚಡಪಡಿಕೆ ಹೆಚ್ಚು. ಅಂದು ಪ್ರತಿ ಬೀದಿಯ ಇಪ್ಪತ್ತೈದು ಹೆಣ್ಣು ಸೊಳ್ಳೆ ಒಂದೊಂದು ಕೊಳವೆ ಸೇರುತ್ತವೆ. ಅವುಗಳಲ್ಲಿ ವೈರಸ್ ಇದ್ದರೆ ಯಂತ್ರ ಅದರ ವಂಶವಾಹಿಯನ್ನು ಅಕ್ಷರ ಅಕ್ಷರವಾಗಿ ಓದುತ್ತದೆ. ಒಬ್ಬರಿಂದೊಬ್ಬರಿಗೆ ದಾಟುತ್ತ ಹೋದಂತೆ ವೈರಸ್ಸಿನ ಒಂದೆರಡು ಅಕ್ಷರ ಬದಲಾಗುತ್ತವೆ, ಕೈಬರಹದ ನಕಲಿನಲ್ಲಿ ತಪ್ಪು ನುಸುಳಿದ ಹಾಗೆ. ಆ ತಪ್ಪುಗಳ ಜಾಡು ಹಿಡಿದು ಪ್ರಯೋಗಾಲಯದ ಡಾಕ್ಟರಮ್ಮ ವಂಶವೃಕ್ಷ ಬರೆಯುತ್ತಾರೆ, ಯಾವ ಬೀದಿಯ ವೈರಸ್ ತಾಯಿ, ಯಾವುದು ಮಗಳು ಎಂದು. ವೈರಸ್ ಸಿಕ್ಕ ಬೀದಿಗೆ ಅಂದೇ ಸಂಜೆ ಜನ ಹೋಗಿ ನಿಂತ ನೀರು ಚೆಲ್ಲುತ್ತಾರೆ, ಹೊಗೆ ಹಾಕುತ್ತಾರೆ. ಆದರೆ ಯಂತ್ರ ನುಂಗುವುದು ವಾರಕ್ಕೆ ಇಪ್ಪತ್ತನಾಲ್ಕೇ ಕೊಳವೆ. ಉಳಿದ ಮೂರು ಮುಂದಿನ ಗುರುವಾರದ ತನಕ ಫ್ರೀಜರಿನಲ್ಲಿ; ಆ ವಾರ ಆ ಬೀದಿಗಳ ಪಾಲಿಗೆ ಹೊಸ ಕೊಳವೆಯಿಲ್ಲ, ಅವೇ ಮೊದಲು ಯಂತ್ರಕ್ಕೆ.

ಈ ವೈರಸ್ ದೊಡ್ಡವರಿಗೆ ನಾಲ್ಕು ದಿನದ ಜ್ವರ. ಬಸುರಿಗೆ ತಗುಲಿದರೆ ಹೊಟ್ಟೆಯೊಳಗಿನ ಕೂಸಿನ ಮಿದುಳಿಗೇ ಕುತ್ತು. ಅಕ್ಕನ ಮಗಳಿಗೆ ಈಗ ಎಂಟು ತಿಂಗಳು.

ಎರಡು ತಿಂಗಳ ಹಿಂದೆ ಡಬ್ಬಿಗಳ ಮೇಲೆ ಬೀದಿಯ ಹೆಸರೇ ಇರುತ್ತಿತ್ತು. ಒಂದು ಗುರುವಾರ ಮಗಳ ಬೀದಿಯದು ಸರದಿಯಲ್ಲಿ ಇಪ್ಪತ್ತಾರನೆಯದು. ಇಪ್ಪತ್ತನಾಲ್ಕನೆಯದು ಟೈರು ಗಲ್ಲಿಯದು. ಕೋಣೆಯಲ್ಲಿ ಯಾರೂ ಇರಲಿಲ್ಲ. "ಎರಡು ಕೊಳವೆ ಅದಲು ಬದಲು ಮಾಡಿದೆ, ಅಷ್ಟೇ. ಕೈ ನಡುಗಲೂ ಇಲ್ಲ. ಇದನ್ನೂ ಬರೀರಿ," ಎನ್ನುತ್ತಾರೆ ಅಕ್ಕ, ಅವರ ಬಗ್ಗೆ ಬರೆಯಲು ಬಂದ ನನಗೆ. "ಇದನ್ನ ಬಿಟ್ಟು ಬರೆದ್ರೆ ನೀವು ಬರೆದಿದ್ದು ನನ್ನ ಬಗ್ಗೆ ಅಲ್ಲ."

ಮಗಳ ಬೀದಿಯಲ್ಲಿ ಏನೂ ಸಿಗಲಿಲ್ಲ. ಅಕ್ಕ ಅಂದು ಹೊಟ್ಟೆ ತುಂಬ ಉಂಡರು. ಮುಂದಿನ ಗುರುವಾರ ಟೈರು ಗಲ್ಲಿಯ ಕೊಳವೆ ತೆರೆದಾಗ ವೈರಸ್ ಇತ್ತು. ಅದೇ ದಿನ ಇನ್ನೂ ಮೂರು ಬೀದಿಗಳಲ್ಲಿ ಕಾಣಿಸಿತು. ಡಾಕ್ಟರಮ್ಮ ಬರೆದು ಅಕ್ಕನ ಮೇಜಿನ ಎದುರು ಅಂಟಿಸಿದ ವಂಶವೃಕ್ಷದಲ್ಲಿ ಆ ಮೂರೂ ಕೊಂಬೆ, ಬುಡದಲ್ಲಿ ಟೈರು ಗಲ್ಲಿ, ಪಕ್ಕದಲ್ಲಿ ಸೊಳ್ಳೆ ಹಿಡಿದ ತಾರೀಖು, ಒಂದು ವಾರ ಹಳೆಯದು. ಜ್ವರ ಬಂದದ್ದು ಹನ್ನೊಂದು ಜನಕ್ಕೆ. ಅವರಲ್ಲೊಬ್ಬಳು ಟೈರು ಗಲ್ಲಿಯ ಆರು ತಿಂಗಳ ಬಸುರಿ.

ಮರುದಿನ ಬೆಳಿಗ್ಗೆ ಅಕ್ಕ ತಾವಾಗಿಯೇ ಹೋಗಿ ಹೇಳಿದರು. ಡಾಕ್ಟರಮ್ಮ ಅಕ್ಕನ ಮೇಜಿನ ತನಕ ಬಂದು ವಂಶವೃಕ್ಷ ನೋಡಿದರು. "ಈ ಹಾಳೇನ ನಿಮ್ಮ ಮೇಜಿನ ಎದುರಿಂದ ತೆಗೆಸಲಾ?" ಅಂದರು. "ಬೇಡಿ ಮೇಡಂ, ಇರಲಿ. ಡಬ್ಬಿ ಮೇಲಿನ ಹೆಸರು ತೆಗೆಸಿ," ಅಂದರು ಅಕ್ಕ. ಅಂದಿನಿಂದ ಸಂಖ್ಯೆಯ ಪಟ್ಟಿ ಡಾಕ್ಟರಮ್ಮನ ಬೀರುವಿನಲ್ಲಿ, ಸ್ಕೂಟರಣ್ಣನ ಬಾಯಿಗೆ ಬೀಗ. ಟೈರು ಗಲ್ಲಿಯ ಬಸುರಿಯ ಸ್ಕ್ಯಾನಿಂಗ್ ಎರಡು ವಾರಕ್ಕೊಮ್ಮೆ. ಅಂದು ಅಕ್ಕ ರಜೆ ಹಾಕಿ ಆಸ್ಪತ್ರೆಯ ಬೆಂಚಿನ ತುದಿಯಲ್ಲಿ ಕೂರುತ್ತಾರೆ. ಇಲ್ಲಿಯ ತನಕ ಎಲ್ಲ ಸರಿಯಿದೆ. ಪಕ್ಕದಲ್ಲಿ ಬಂದು ಕೂರುವ ಈ ಹೆಂಗಸು ಯಾರೆಂದು ಆ ಹುಡುಗಿಗೆ ಗೊತ್ತು. ಅಕ್ಕನೇ ಹೇಳಿದ್ದಾರೆ. ಆದರೂ ಅವಳು ಎದ್ದು ಹೋಗುವುದಿಲ್ಲ.

ಹನ್ನೊಂದು ಗಂಟೆ. ಇಪ್ಪತ್ತೇಳು ಕೊಳವೆ ತಯಾರು. ಮೊದಲ ಇಪ್ಪತ್ತನಾಲ್ಕು ಯಂತ್ರದ ಕೋಣೆಗೆ ಹೋಗುತ್ತವೆ. ಕೊನೆಯ ಮೂರನ್ನು ಅಕ್ಕ ಅಂಗೈಯಲ್ಲಿ ಹಿಡಿದು ನಿಲ್ಲುತ್ತಾರೆ. ಮಗಳನ್ನು ತಮ್ಮ ಮನೆಗೆ ಕರೆದರೆ, ನಿಮ್ಮ ಬೀದಿಯಲ್ಲೇನು ಸೊಳ್ಳೆ ಇಲ್ಲವೇ ಎಂದು ಅವಳು ಕೇಳುತ್ತಾಳಂತೆ.

ಏನಾದರೂ ಆಸೆ ಇದೆಯೇ ಎಂಬ ಪ್ರಶ್ನೆಗೆ ಅಕ್ಕ ಯೋಚಿಸುವುದೇ ಇಲ್ಲ. "ಇನ್ನು ಮೂರು ತೂತು ಜಾಸ್ತಿ ಇರೋ ಯಂತ್ರ ಬಂದ್ರೆ ಸಾಕು."

ಫ್ರೀಜರಿನ ಬಾಗಿಲು ತೆರೆಯುತ್ತಾರೆ. "ಈ ಮೂರರಲ್ಲಿ ನನ್ನ ಮಗಳ ಬೀದೀದೂ ಇರಬಹುದು," ಎನ್ನುತ್ತಾ ಕೊಳವೆಗಳನ್ನು ಒಳಗಿಟ್ಟು ಬಾಗಿಲು ಹಾಕುತ್ತಾರೆ.