ರಿವೆಟ್ ಹೊಡೆದ ಲಾರಿ

ಜೀನ್ಸ್ ಹೊಲಿಯುವವರ ಮನೆಯ ಕಸವನ್ನು ನೀವು ಎಂದಾದರೂ ಗುಡಿಸಿದ್ದರೆ ನಿಮಗೆ ಗೊತ್ತಿರುತ್ತದೆ: ನೀಲಿ ದಾರದ ಎಳೆಗಳ ನಡುವೆ ಒಂದಾದರೂ ತಾಮ್ರಬಣ್ಣದ ರಿವೆಟ್ ಮಿನುಗುತ್ತದೆ. ಪ್ಯಾಂಟಿನ ಜೇಬಿನ ಮೂಲೆ ಹರಿಯದಂತೆ ಹಿಡಿದಿಡುವ ಸಣ್ಣ ಮೊಳೆಯಂಥದ್ದು ಅದು. ಬಳ್ಳಾರಿ ಪಕ್ಕದ ರಾಯದುರ್ಗದಲ್ಲಿ ಜೀನ್ಸ್ ಕಾರ್ಖಾನೆಗೆ ಹೋಗುವ ನಮ್ಮಂಥವರ ಸೆರಗು ಹಿಡಿದೇ ಮನೆಗೆ ಬಂದುಬಿಡುತ್ತದೆ.

ನಮ್ಮ ಮನೆಯಲ್ಲಿ ಇನ್ನೊಂದು ಬಗೆಯ ಕಸವೂ ಇರುತ್ತಿತ್ತು. ಲಾರಿ ಓಡಿಸುವುದನ್ನು ಬಿಟ್ಟ ಮೇಲೆ ನನ್ನ ಯಜಮಾನರು ಹಳೆಯ ಆಟಿಕೆ ಲಾರಿಗಳನ್ನು, ಅಚ್ಚಿಗೆ ಲೋಹ ಎರೆದು ಮಾಡಿದ, ಅಂಗೈಗೆ ಭಾರವೆನಿಸುವ ಲಾರಿಗಳನ್ನು, ಬಿಚ್ಚಿ, ಬಣ್ಣ ಕೆರೆದು, ಹೊಸದಾಗಿ ಬಳಿದು ಓಡಿಸುತ್ತಿದ್ದರು. ಮೊದಲಿದ್ದಂತೆ ಆದರೆ ಸಾಲದು ಅವರಿಗೆ. ಐಸ್ ಕಡ್ಡಿ ಸೀಳಿ ಮಾಡಿದ ಹಲಗೆ, ರಬ್ಬರಿನ ಚಕ್ರ, ಹಿಂದೆ ಜೋತಾಡುವ ಕರಿಯ ಕುಚ್ಚು ಎಲ್ಲವೂ ಬೇಕು. ಈ ಬೇಸಿಗೆಯಲ್ಲಿ ಅವರು ತೀರಿಕೊಂಡಾಗ ಬಣ್ಣ ಒಣಗಿದ ಲಾರಿಯೊಂದು ಮೈ ಒಂದು ಕಡೆ, ತಳ ಒಂದು ಕಡೆಯಾಗಿ ಮೇಜಿನ ಮೇಲೇ ಉಳಿಯಿತು. ತವರೂರು ಮಡಕಶಿರದಲ್ಲಿರುವ ನನ್ನ ತಮ್ಮ ಚಿಕ್ಕಂದಿನಲ್ಲಿ ದಾರ ಕಟ್ಟಿ ಎಳೆದಾಡಿದ ಲಾರಿ.

ಮೊನ್ನೆ ತಮ್ಮ ಬಂದ. "ಅಕ್ಕಾ, ಹಂಗೇ ಕವರಿಗೆ ಹಾಕ್ಕೊಡು. ಭಾವ ಇಲ್ದ ಮ್ಯಾಲೆ ಯಾರು ಕೂಡಿಸ್ತಾರೆ?"

"ಗುಜರಿಗೆ ಬಂದೀಯೇನು, ತುಂಡು ತುಂಡು ಒಯ್ಯಾಕ? ಕೂತ್ಕೋ ಸುಮ್ನ."

"ನಿನ್ನ ಮಾತು ಪೂರಾ ಬಳ್ಳಾರಿ ಕಡೇದಾಗೈತೆ," ಎಂದು ನಗುತ್ತ ಕೂತ.

ಹೇಳಿಬಿಟ್ಟೆನಲ್ಲ, ಈಗ ಮಾಡಬೇಕು. ತಳ ಕೂಡಿಸಲು ಅವರು ಕೂದಲೆಳೆಯಂಥ ಸ್ಕ್ರೂ ಹಾಕುತ್ತಿದ್ದರು. ನಾನು ಹಿಡಿದರೆ ಅದು ಜಾರಿ ಜಾರಿ ಬೀಳುತ್ತಿತ್ತು. ಸತ್ತವರ ಕೆಲಸ ಮುಗಿಸಲು ಅವರಂತೆಯೇ ಕೈ ಆಡಿಸಬೇಕು ಎಂದುಕೊಂಡು ಇಷ್ಟು ದಿನ ನಾನು ಆ ಮೇಜಿಗೆ ಅಂಜಿದ್ದೆ. ಅವರ ಕೈ ಅವರೊಂದಿಗೆ ಹೋಯಿತು ಗೆಳೆಯರೆ. ಉಳಿದಿರುವುದು ನನ್ನದು, ಅದಕ್ಕೂ ಒಂದು ಕಸುಬು ಗೊತ್ತು ಎಂಬುದನ್ನೇ ದುಃಖದಲ್ಲಿ ಮರೆತಿದ್ದೆ. ಮಷಿನ್ ಬರುವ ಮೊದಲು ಸುತ್ತಿಗೆಯಲ್ಲೇ ರಿವೆಟ್ ಹೊಡೆದವಳು ನಾನು. ಹಳೆಯ ಲೋಹ ಬಿಸ್ಕತ್ತಿನಂತೆ, ಪೆಟ್ಟು ಜೋರಾದರೆ ಅವರ ಕಡೆಯ ಲಾರಿ ಒಡೆದೇ ಹೋಗುತ್ತದೆ. ಸ್ಕ್ರೂವಿನ ತೂತಿಗೆ ರಿವೆಟ್ ತೂರಿಸಿ, ಜೀನ್ಸ್ ಬಟ್ಟೆಯ ಚೂರೊಂದನ್ನು ಮಡಿಸಿ ಮೇಲಿಟ್ಟು, ಮೆಲ್ಲಗೆ ಹೊಡೆದೆ. ಹಿಡಿಯಿತು. ಇನ್ನೊಂದು ತೂತಿಗೂ ಹೊಡೆದೆ. ಎಂಥ ಹೆಮ್ಮೆಯೆನ್ನುತ್ತೀರಿ! ತೋರಿಸಲು ಅವರಿಲ್ಲ ಎಂಬುದನ್ನೂ ಮರೆತು ಸುತ್ತ ನೋಡಿದೆ.

"ಹೊಸ ಗಾಡಿ, ನಿಂಬೆಹಣ್ಣು ಬ್ಯಾಡ್ವಾ?" ಎಂದ ತಮ್ಮ.

"ಹಣ್ಣಿಟ್ರ ಗಾಡೀನ ಪಲ್ಟಿ ಹೊಡೀತೈತಿ," ಎಂದು ಚಕ್ರಕ್ಕೊಂದರಂತೆ ನಿಂಬೆಬೀಜ ಇಟ್ಟೆ. ತಮ್ಮ ತಳ್ಳಿದ. ಬೀಜ ಹತ್ತಿಳಿದು, ಒಂದಿಷ್ಟೂ ಓರೆಯಾಗದೆ ಲಾರಿ ಗೋಡೆಯವರೆಗೆ ಹೋಯಿತು.

ಅವನು ಅದನ್ನೆತ್ತಿ ಬೋರಲು ಹಾಕಿದ. "ಇದೇನಕ್ಕಾ, ಲಾರಿಗೆ ಪ್ಯಾಂಟಿನ ರಿವೆಟ್ ಹೊಡ್ದಿದೀಯ! ಭಾವ ನೋಡಿದ್ರೆ ಬೈತಿದ್ರು."

"ಬೈತಿದ್ರು," ಎಂದೆ. "ಬೈದು, ನಾಳಿ ಕೆಲಸದಿಂದ ಬರ್ತಾ ಇನ್ನೊಂದು ಹಿಡಿ ತಗೊಂಡ್ ಬಾ ಅಂತಿದ್ರು."