ಎದುವಿಹಿಸ್ ಅಕ್ಕನ ಕಣ್ಣು

ನಮ್ಮ ಓಣಿಯಲ್ಲಿ ಎಲೆಗೆ ಏನು ಮೆತ್ತಿದರೂ ಎಲ್ಲರೂ ಓಡುತ್ತಿದ್ದದ್ದು ಎದುವಿಹಿಸ್ ಅಕ್ಕನ ಮನೆಗೆ. ಸಾನ್ ಪೆದ್ರೋದ ಈ ಕೆಂಪು ಮಣ್ಣಿನಲ್ಲಿ ಹತ್ತಿ ಬೆಳೆಯುತ್ತಿದ್ದಾಗಿನಿಂದ ಹುಳ ಗುರುತಿಸುವುದರಲ್ಲಿ ಆಕೆಯದು ಎತ್ತಿದ ಕೈ. ಗಂಡ ಸತ್ತ ಮೇಲೆ ಉಳಿದಿದ್ದ ಆಸ್ತಿ ಆ ಮರ್ಯಾದೆಯೊಂದೇ. ಸ್ವಲ್ಪ ಜಂಬವೂ ಇತ್ತು, ಇರಲಿ ಬಿಡಿ.

ಹತ್ತಿ ಹೋಗಿ ಹೆಂಪ್ ಬಂತು, ನಶೆ ಏರದ ಗಾಂಜಾ. ಮದ್ದು ಹೊಡೆಯಕೂಡದೆಂದು ಖರೀದಿದಾರರ ಕಟ್ಟಪ್ಪಣೆ. ಮೊದಲ ಬೆಳೆ ಕೈಕೊಟ್ಟರೆ ಅವರು ಮತ್ತೆ ನಮ್ಮ ಓಣಿಗೆ ಬೀಜ ಕೊಡುವವರಲ್ಲ. ಹೂ ಬಿಡುವ ಹೊತ್ತಿಗೆ ಎಲೆಗಳು ಅಂಟಂಟಾದವು. ಒಂದು ಕೊಂಬೆ ಮುರಿದುಕೊಂಡು ಅಕ್ಕನ ಬಳಿ ಹೋದೆ. ಎಲೆಯಡಿ ಅಲುಗಾಡದ ಮಾಸಲು ಬಿಳಿ ಚುಕ್ಕೆಗಳು. ಅವುಗಳ ನಡುವೆ ಓಡಾಡುವ, ಮೈಯೆಲ್ಲ ಮುಳ್ಳಿನ ಕಪ್ಪು ಹುಳಗಳು.

“ಬಿಳೀದು ಬರೀ ಪೊರೆ ಕಣೇ, ಕಳಚಿ ಬಿಟ್ಟಿರೋದು. ಕಳ್ಳ ಇವ್ನು, ನೋಡು ಮೂತಿ!” ಎಂದು ಕಪ್ಪು ಹುಳವನ್ನು ಉಗುರಲ್ಲಿ ಹೊಸಕಿದಳು. “ಹತ್ತೀಲಿ ಮಾಡ್ತಿದ್ದ ಹಾಗೇ ಆರಿಸಿ, ಡಬ್ಬಿಗೆ ಹಾಕಿ.”

ಹತ್ತಿಯವರಾದ ನಮಗೆ ಹರಿದಾಡುವುದೆಲ್ಲ ವೈರಿಯೇ. ಓಣಿಯ ಹೆಂಗಸರೆಲ್ಲ ಸೀಮೆಎಣ್ಣೆ ಡಬ್ಬಿ ಹಿಡಿದು ಹೊಲ ಹೊಲ ಸುತ್ತಿದೆವು. ಆಕೆ ಮುಂದೆ, ನಾವು ಹಿಂದೆ.

“ಗಂಡನ ತಲೆ ಹೇನು ಅಂದ್ಕೊಂಡು ಆರಿಸ್ರೇ!” ಎಂದು ನಗಿಸುತ್ತಿದ್ದಳು.

ಗಿಡಗಳು ಹಳದಿಯಾದವು, ತೆನೆಗೆ ಕಪ್ಪು ಬೂಷ್ಟು ಹಿಡಿಯಿತು. ಆಗ ಖರೀದಿದಾರರ ಕಡೆಯ ನಿದಿಯಾ ಬಂದಳು. ಎಲೆ ಮಗುಚಿದಳು, ಡಬ್ಬಿಯೊಳಗೆ ಇಣುಕಿದಳು. ಅವಳ ಮುಖ ಇಳಿದುಹೋಯಿತು.

“ಅಮ್ಮಾ, ಈ ಬಿಳೀವೇ ಗಿಡಹೇನು. ರಸ ಹೀರೋವು ಇವೇ. ನೀವು ಕೊಂದಿದ್ದು ಗುಲಗಂಜಿ ಹುಳದ ಮರಿಗಳನ್ನ. ಹೇನು ತಿನ್ನೋಕೇ ಬಂದಿದ್ವು, ಪಾಪ.”

ಅಕ್ಕ ನಮ್ಮ ಕಡೆ ತಿರುಗಿದಳು. “ಯಾರಾದ್ರೂ ಸರಿಯಾಗಿ ಆರಿಸ್ದೆ ನಾಲ್ಕಾದ್ರೂ ಉಳಿಸಿದೀರೇನ್ರೇ? ಹೇಳ್ರೇ, ಬೈಯಲ್ಲ.”

ಆಕೆ ಕಲಿಸಿದಂತೆಯೇ, ಒಂದೂ ಉಳಿಯದಂತೆ ಆರಿಸಿದ್ದೆವು.

ಬೆಳೆ ಕಿತ್ತು ಸುಟ್ಟೆವು. ನಿದಿಯಾ ಮತ್ತೆ ಬರಲಿಲ್ಲ, ಬೀಜವೂ ಬರಲಿಲ್ಲ. ಅಕ್ಕನನ್ನು ಯಾರೂ ಬೈಯಲಿಲ್ಲ. ತೆರೆರೆ ಎಂಬ ತಣ್ಣನೆಯ ಕಷಾಯ ಕುಡಿಯಲು ಕೂತಾಗ ಹಂಚಿ ಕುಡಿಯುವ ಬಟ್ಟಲು ಎಂದಿನಂತೆ ಆಕೆಯ ಕೈಗೂ ಹೋಗುತ್ತಿತ್ತು. ಹುಳ ಹಿಡಿದ ಎಲೆ ಮಾತ್ರ ಆಕೆಯ ಬಳಿಗೆ ಯಾರೂ ಒಯ್ಯಲಿಲ್ಲ. ನಾನೂ ಒಯ್ಯಲಿಲ್ಲ.

ಮೊನ್ನೆ ಆಕೆಯೇ ನಮ್ಮ ಮನೆ ಬಾಗಿಲಿಗೆ ಬಂದಳು, ಕೈಯಲ್ಲಿ ಮರಗೆಣಸಿನ ಎಲೆ. ಅದರ ಮೇಲೆ ಎಳೆ ಮಕ್ಕಳೂ ಗುರುತಿಸುವ, ಕಪ್ಪು ಚುಕ್ಕೆಯ ಕೆಂಪು ಹುಳ.

“ಇದೇನು ನೋಡಿ ಹೇಳೇ.”

“ಗುಲಗಂಜಿ ಹುಳ ಅಲ್ವಾ ಅಕ್ಕ?”

ಆಕೆ ಎಲೆಯನ್ನು ನನ್ನ ಕಣ್ಣಿನ ಹತ್ತಿರ ಹಿಡಿದಳು. “ಇನ್ನೊಂದ್ಸಲ ನೋಡೇ. ಖಾತ್ರಿನಾ?”